ಅನಾಮತ್ತು ಖಾತೆಯ ಹಪ್ಪಳ

ನಮ್ಮ ಶಿರಸಿಯಲ್ಲಿ ಯಾರಾದರೂ "ಈ ಸಲ ಮಾವು ಹೇಗೆ ಹೂ ಬಿಟ್ಟಿದೆ ನೋಡಿದ್ರಾ ಭಟ್ರೇ?" ಎಂದು ಕೇಳಿದರೆ ನನಗೆ ಒಳಗೊಳಗೇ ಸಿಟ್ಟು ಬರುತ್ತದೆ. ನೋಡಿಲ್ಲ. ಮೂವತ್ತೈದು ವರ್ಷದಿಂದ ನೋಡಿಲ್ಲ. ಮಾವು ಹೂ ಬಿಡುವಾಗ ನಾನು ಯಾರದೋ ಅಂಗಡಿಯ ಖಾತೆಯಲ್ಲಿ ತಲೆ ಹುಗಿದುಕೊಂಡಿರುತ್ತೇನೆ. ತಲೆ ಎತ್ತುವ ಹೊತ್ತಿಗೆ ಅದು ಮಿಡಿಯಾಗಿ, ಉಪ್ಪಿಗೆ ಬಿದ್ದು, ಚಿರುಟಿಕೊಂಡು, ನನ್ನ ಮಜ್ಜಿಗೆ ಅನ್ನದ ಪಕ್ಕ ಬಂದು ಕೂತಿರುತ್ತದೆ.

ಹೆಸರಿಗೆ ನಾನು ಟ್ಯಾಕ್ಸ್ ಪ್ರಾಕ್ಟೀಷನರ್. ಊರವರ ಬಾಯಲ್ಲಿ ಲೆಕ್ಕದ ಭಟ್ರು. ಕೆಲವರು ಗೌರವಕ್ಕೆ ಆಡಿಟರ್ ಎನ್ನುತ್ತಾರೆ. ಬೇಡ ಎನ್ನುತ್ತೇನೆ. ಸಹಿ ಹಾಕುವವರು ಸಿ.ಎ. ಆದವರು. ಆ ಸಹಿ ಬೀಳುವಷ್ಟು ಯೋಗ್ಯತೆ ಕಾಗದಕ್ಕೆ ಬರುವ ಹಾಗೆ ಮಾಡುವುದು ನನ್ನ ಕೆಲಸ. ಚೀಲದಲ್ಲಿ ಬಂದದ್ದು ಫೈಲಿನಲ್ಲಿ ಹೋಗಬೇಕು, ಅಷ್ಟೆ.

ನನ್ನ ಗಿರಾಕಿಗಳ ವರ್ಷವೇ ಬೇರೆ, ನನ್ನ ವರ್ಷವೇ ಬೇರೆ. ಅವರದು ಅಡಿಕೆಯ ವರ್ಷ. ಮಳೆಗಾಲದಲ್ಲಿ ಕೊಳೆ ಬಾರದ ಹಾಗೆ ಮದ್ದು ಹೊಡೆಸುವುದು, ದೊಡ್ಡಹಬ್ಬ ಎಂದರೆ ದೀಪಾವಳಿ ಕಳೆದ ಮೇಲೆ ಅಡಿಕೆಗೊನೆಯ ಕೊಯ್ಲು, ಸುಲಿದು ಬೇಯಿಸಿದರೆ ಕೆಂಪಡಿಕೆ, ಒಣಗಿಸಿ ಸುಲಿದರೆ ಚಾಲಿ, ಆಮೇಲೆ ದರ ಏರುತ್ತದೆಯೋ ಇಳಿಯುತ್ತದೆಯೋ ಎಂದು ಕಾಯುವುದು. ನನ್ನದು ತಾರೀಖಿನ ವರ್ಷ. ಈ ಎರಡೂ ಒಂದಕ್ಕೊಂದು ತಾಳೆಯಾದದ್ದು ನಾನು ಕಂಡಿಲ್ಲ. ಜುಲೈನಲ್ಲಿ ನಾನು ಕೆಲಸ ಮಾಡಿ ಬಿಲ್ಲು ಕೊಟ್ಟರೆ, "ಕೊಯ್ಲು ಆಗಲಿ ಭಟ್ರೇ" ಎನ್ನುತ್ತಾರೆ. ಕೊಯ್ಲು ಆದ ಮೇಲೆ, "ದರ ಬರಲಿ." ದರ ಬಂದಾಗ ಮಾರ್ಚ್. ಮಾರ್ಚಿನಲ್ಲಿ ಅವರು ಸೊಸೈಟಿಯ ಬೆಳೆಸಾಲ ತುಂಬಿ ಹೊಸದು ಎತ್ತುವ ಗಡಿಬಿಡಿಯಲ್ಲಿ, ನಾನು ನನ್ನ ಗಡಿಬಿಡಿಯಲ್ಲಿ. ಕೇಳಲು ನನಗೂ ಪುರುಸೊತ್ತಿಲ್ಲ, ಕೇಳಿಸಿಕೊಳ್ಳಲು ಅವರಿಗೂ ಇಲ್ಲ.

ನಾನು ಕೆಲಸ ಕಲಿಯಲು ಸೇರಿದ್ದು 1990ರಲ್ಲಿ. ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಎಲ್ಲರ ಲೆಕ್ಕವೂ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಇರಬೇಕು ಎಂಬ ನಿಯಮ ಬಂದಿತ್ತು. ಅದಕ್ಕೂ ಹಿಂದೆ ಎಷ್ಟೋ ವ್ಯಾಪಾರಿಗಳ ವರ್ಷ ದೀಪಾವಳಿಯಿಂದ ದೀಪಾವಳಿಗೆ. ನಿಯಮ ಬದಲಾದರೂ ವಖಾರಿಯ ಹಿರಿಯರು ಒಪ್ಪಬೇಕಲ್ಲ? ಹಬ್ಬದ ದಿನ, ದಿನದ ಲೆಕ್ಕ ಬರೆಯುವ ಹೊಸ ಕಿರ್ದಿ ಪುಸ್ತಕ ತಂದು, ಅರಿಶಿನ ಕುಂಕುಮ ಹಚ್ಚಿ, ಮೊದಲ ಪುಟದಲ್ಲಿ ಶ್ರೀಕಾರ ಬರೆದು, ಪೂಜೆ ಮಾಡಿ ಕಪಾಟಿನಲ್ಲಿ ಇಡುತ್ತಿದ್ದರು. ಅದು ಹೊರಬರುವುದು ಏಪ್ರಿಲ್ 1ಕ್ಕೆ. ಐದು ತಿಂಗಳು ಹಳೆಯದಾದ ಹೊಸ ಪುಸ್ತಕ. "ದೇವರಿಗೊಂದು ವರ್ಷ, ಸರ್ಕಾರಕ್ಕೊಂದು ವರ್ಷ. ಇಬ್ಬರನ್ನೂ ಸಿಟ್ಟು ಮಾಡಬಾರದು ತಮಾ" ಎಂದು ನನ್ನ ಯಜಮಾನರು ಹೇಳುತ್ತಿದ್ದರು.

ಯಜಮಾನರು ಎಂದರೆ ನನಗೆ ಲೆಕ್ಕ ಕಲಿಸಿದವರು. ಬಿಳಿ ಅಂಗಿ, ಕಿವಿಯ ಮೇಲೊಂದು ಕೆಂಪು ಪೆನ್ಸಿಲ್, ಬಾಯಲ್ಲಿ ಎಲೆಯಡಿಕೆಯ ಕವಳ. ಕವಳ ಇದ್ದಷ್ಟು ಹೊತ್ತು ಮಾತಿಲ್ಲ. ಉಗುಳಿ ಬಂದರೆಂದರೆ ನಾನು ಏನೋ ತಪ್ಪು ಮಾಡಿದ್ದೇನೆ ಎಂದೇ ಅರ್ಥ.

ಅವರ ಜೊತೆ ಕಳೆದ ಎರಡನೇ ಮಾರ್ಚ್ ಇವತ್ತಿಗೂ ಮರೆತಿಲ್ಲ. ಹಳ್ಳಿಯ ಒಂದು ಸೊಸೈಟಿ. ವರ್ಷದ ತೇರೀಜು, ಅಂದರೆ ಎಲ್ಲ ಖಾತೆಗಳ ಜಮಾ ಖರ್ಚಿನ ಪಟ್ಟಿ, ಹಾಕಿ ನೋಡಿದರೆ ಎರಡೂ ಕಡೆ ಕೂಡಲಿಲ್ಲ. ವ್ಯತ್ಯಾಸ ಎರಡು ರೂಪಾಯಿ ಎಪ್ಪತ್ತು ಪೈಸೆ. ಸಂಜೆ ಆರಕ್ಕೆ ಹುಡುಕಲು ಕೂತೆವು. ಎಂಟಕ್ಕೆ ಕರೆಂಟು ಹೋಯಿತು. ಲಾಟೀನು ಬಂತು. ಒಂಬತ್ತೂವರೆಗೆ ಸೊಸೈಟಿಯ ಸೆಕ್ರೆಟರಿ ಪಾಪ, ಕಿಸೆಯಿಂದ ಮೂರು ರೂಪಾಯಿ ತೆಗೆದು ಮೇಜಿನ ಮೇಲಿಟ್ಟರು. "ಇದನ್ನು ಹಾಕಿ ಮುಗಿಸಿಬಿಡಿ, ಚಿಲ್ಲರೆ ನೀವೇ ಇಟ್ಕೊಳ್ಳಿ."

ಯಜಮಾನರು ಎದ್ದು ಹೋಗಿ ಕವಳ ಉಗುಳಿ ಬಂದರು. "ದುಡ್ಡು ಹಾಕಿದರೆ ವ್ಯತ್ಯಾಸ ಮುಚ್ಚುತ್ತದೆ, ತಪ್ಪು ಮುಚ್ಚುವುದಿಲ್ಲ. ಒಂದು ಕಡೆ ಸಾವಿರ ತಪ್ಪಿ, ಇನ್ನೊಂದು ಕಡೆ ಒಂಬೈನೂರ ತೊಂಬತ್ತೇಳು ಚಿಲ್ಲರೆ ತಪ್ಪಿದ್ದರೂ ನಿಮಗೆ ಕಾಣುವುದು ಇಷ್ಟೇ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ತಮಾ, ಒಂಬತ್ತರಿಂದ ಭಾಗಿಸಿ ನೋಡು."

ಇನ್ನೂರ ಎಪ್ಪತ್ತು ಪೈಸೆ, ಒಂಬತ್ತರಿಂದ ಸರಿಯಾಗಿ ಹೋಗುತ್ತದೆ. ಅಂದರೆ ಅಂಕಿಗಳು ಅದಲು ಬದಲಾಗಿರಬಹುದು. 54 ಬರೆಯುವಲ್ಲಿ 45 ಬರೆದರೆ ಒಂಬತ್ತು ವ್ಯತ್ಯಾಸ. 73 ಬರೆಯುವಲ್ಲಿ 37 ಬರೆದರೆ ಮೂವತ್ತಾರು. ಯಾವ ಎರಡು ಅಂಕಿ ಜಾಗ ಬದಲಾಯಿಸಿದರೂ ಒಂಬತ್ತರ ಮಗ್ಗಿಯೊಳಗೇ ಬಂದು ಬೀಳುತ್ತದೆ. ಇದು ಗೊತ್ತಾದ ಮೇಲೆ ಮೊತ್ತ ಹುಡುಕುವುದು ಬಿಟ್ಟು ಜೋಡಿ ಅಂಕಿ ಹುಡುಕತೊಡಗಿದೆ. ರಾತ್ರಿ ಹನ್ನೆರಡೂಕಾಲಿಗೆ ಸಿಕ್ಕಿತು. ಕಿರ್ದಿಯಲ್ಲಿ 8.55. ಖಾತೆಗೆ ಎತ್ತುವಾಗ 5.85. ಏನದು ಎಂದರೆ, ಆಡಳಿತ ಮಂಡಳಿ ಸಭೆಯ ಚಹಾ ಖರ್ಚು.

ಆಗ ಆದ ಖುಷಿಯನ್ನು ಹೇಗೆ ಹೇಳಲಿ? ಕಣ್ಣಿನಲ್ಲಿ ಸಿಕ್ಕಿಕೊಂಡ ಕಸವನ್ನು ಯಾರೋ ತೆಗೆದ ಹಾಗೆ. ಎರಡು ಉದ್ದದ ಸಾಲು ಕೆಳಗೆ ಬಂದು ಒಂದೇ ಮೊತ್ತದಲ್ಲಿ ನಿಲ್ಲುತ್ತವೆ, ಅದರ ಕೆಳಗೆ ಯಜಮಾನರು ಕೆಂಪು ಪೆನ್ಸಿಲಿನಿಂದ ಜೋಡಿ ಗೆರೆ ಎಳೆಯುತ್ತಾರೆ. ಆ ಗೆರೆ ಎಳೆಯುವ ಸದ್ದಿಗಾಗಿಯೇ ನಾನು ಈ ಕೆಲಸದಲ್ಲಿ ಉಳಿದೆ ಎಂದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ. ಈಗ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್ ಬಂದ ಮೇಲೆ ತೇರೀಜು ಹುಟ್ಟುವಾಗಲೇ ಕೂಡಿಕೊಂಡಿರುತ್ತದೆ. ತಪ್ಪು ಇಲ್ಲ ಎಂದಲ್ಲ. ತಪ್ಪೂ ಎರಡೂ ಕಡೆ ಸಮನಾಗಿ ಕೂತಿರುತ್ತದೆ. ಹುಡುಕುವುದು ಹೆಚ್ಚು ಕಷ್ಟ, ಸಿಕ್ಕಾಗ ಖುಷಿ ಕಡಿಮೆ.

ಮಾರ್ಚ್ ಎಂದರೆ ನಮ್ಮಲ್ಲಿ ಇನ್ನೊಂದು ತೊಡಕು ಇದೆ. ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ, ಹೆಚ್ಚಾಗಿ ಮಾರ್ಚಿನಲ್ಲೇ. 2024ರಲ್ಲಂತೂ 19ರಿಂದ 27ರವರೆಗೆ, ನಡು ಮಾರ್ಚ್ ಕಳೆದು ಎಲ್ಲಾ ಲೆಕ್ಕದವರ ಉಸಿರು ಕಟ್ಟುವ ವಾರದಲ್ಲೇ. ಊರಿಗೆ ಊರೇ ಜಾತ್ರೆ ನಡೆಯುವ ಬಿಡಕಿಬೈಲಿನಲ್ಲಿ ಇರುತ್ತದೆ. ಹಳ್ಳಿಯಿಂದ ಜಾತ್ರೆಗೆ ಬಂದವರು ದೇವಿಗೆ ಹಣ್ಣುಕಾಯಿ ಮಾಡಿಸಿ, ತೊಟ್ಟಿಲು ಹತ್ತಿ ಇಳಿದು, ಮಿರ್ಚಿ ತಿಂದು, ಸೀದಾ ನನ್ನ ಆಫೀಸಿಗೆ ಬರುತ್ತಾರೆ. "ಹೇಗೂ ಪೇಟೆಗೆ ಬಂದಿದ್ದೆ ಭಟ್ರೇ, ಕಾಗದ ಕೊಟ್ಟು ಹೋಗುವಾ ಅಂತ." ಒಂದು ಕೈಯಲ್ಲಿ ಕಾಗದದ ಚೀಲ, ಇನ್ನೊಂದರಲ್ಲಿ ಮೊಮ್ಮಗ, ಮೊಮ್ಮಗನ ಬಾಯಲ್ಲಿ ಪೀಪಿ. ಆ ವಾರ ನಾನು ಮಾಡಿದ ಲೆಕ್ಕವೆಲ್ಲ ಪೀಪಿಯ ಹಿನ್ನೆಲೆ ಸಂಗೀತದಲ್ಲಿ ಮಾಡಿದ್ದು. ಒಬ್ಬ ಹುಡುಗ ನನ್ನ ಕ್ಯಾಲ್ಕುಲೇಟರ್‌ನಲ್ಲಿ ಏನೇನೋ ಒತ್ತಿ ಹೋದ. ಎರಡು ದಿನ ಒಂದು ಜಿಎಸ್‌ಟಿ ಮೊತ್ತ ಸರಿಬರಲಿಲ್ಲ. ಮಗುವಿನ ಮೇಲೆ ಹಾಕಿದೆ. ತಪ್ಪು ನನ್ನದೇ ಇತ್ತು, ಬಿಡಿ.

ದೇವಿಯ ದರ್ಶನ ನನಗೆ ಬೆಳಗಿನ ಜಾವ ಐದಕ್ಕೆ, ಆಫೀಸಿನಿಂದ ಮನೆಗೆ ಹೋಗುವ ದಾರಿಯಲ್ಲಿ. ಆಲೆಮನೆಗೂ ಹೋಗಿದ್ದಿಲ್ಲ. ಕಬ್ಬಿನ ಹಾಲು, ನೊರೆಬೆಲ್ಲ ಎಲ್ಲ ಆ ದಿನಗಳಲ್ಲೇ ಅಲ್ವಾ? ಕರೆ ಬರುತ್ತದೆ, ಹೋಗಲಾಗುವುದಿಲ್ಲ. ಏಪ್ರಿಲ್ ಮೊದಲ ವಾರ ಯಾರೋ ಒಬ್ಬರು ಡಬ್ಬದಲ್ಲಿ ಜೋನಿಬೆಲ್ಲ ತಂದಿಟ್ಟು ಹೋಗುತ್ತಾರೆ. ಅದನ್ನು ದೋಸೆಗೆ ಸುರಿದುಕೊಳ್ಳುವಾಗ, ಓಹೋ, ಆಲೆಮನೆ ಮುಗಿಯಿತು ಎಂದು ನನಗೆ ಗೊತ್ತಾಗುತ್ತದೆ.

ಹೀಗೆ ನನಗೆ ಋತುಗಳು ಗೊತ್ತಾಗುವುದು ಮೇಜಿನ ಮೇಲೆ. ಮಿಡಿ ಬಂದರೆ ಬೇಸಿಗೆ. ಕಳಲೆ ಬಂದರೆ ಮಳೆ ಜೋರಾಗಿದೆ. ಚಕ್ಕುಲಿ ಬಂದರೆ ಯಾರ ಮನೆಯಲ್ಲೋ ಚಕ್ಕುಲಿ ಕಂಬಳ ಆಗಿದೆ, ಚೌತಿ ಹತ್ತಿರ ಬಂತು, ಅಂದರೆ ಸೊಸೈಟಿಗಳ ಸರ್ವಸಾಧಾರಣ ಸಭೆಯೂ ಬಂತು, ಸಪ್ಟೆಂಬರ್ 30ರ ಆಡಿಟ್ ರಿಪೋರ್ಟೂ ಬಂತು. ಚಕ್ಕುಲಿ ಕಂಡರೆ ಬಾಯಲ್ಲಿ ನೀರು, ಹೊಟ್ಟೆಯಲ್ಲಿ ನಡುಕ, ಎರಡೂ ಒಟ್ಟಿಗೆ.

ಇವನ್ನೆಲ್ಲ ನಮ್ಮನೆಯವಳು ಅನಾಮತ್ತು ಖಾತೆ ಎಂದು ಕರೆಯುತ್ತಾಳೆ. ಲೆಕ್ಕದವನ ಹೆಂಡತಿಯಾಗಿ ಅವಳು ಕಲಿತ ಒಂದೇ ಶಬ್ದ ಅದು. ದುಡ್ಡು ಬಂದಿದೆ, ಯಾರದು, ಯಾತಕ್ಕೆ ಎಂದು ಗೊತ್ತಿಲ್ಲ, ಗೊತ್ತಾಗುವವರೆಗೆ ಸದ್ಯಕ್ಕೆ ಇಡುವ ಜಾಗ ಅನಾಮತ್ತು. ಮನೆಯ ಅಟ್ಟದ ಮೇಲೆ ಅವಳದ್ದೊಂದು ಅನಾಮತ್ತು ಮೂಲೆ ಇದೆ. ಜೇನಿನ ಬಾಟಲಿ, ಹಪ್ಪಳದ ಡಬ್ಬ, ಬಾಳೆಗೊನೆ, ಮೊಗೆಕಾಯಿ. "ಫೀಸಿಗೆ ಬಂದದ್ದೋ, ಫೀಸಿನ ಬದಲಿಗೆ ಬಂದದ್ದೋ?" ಎಂದು ಕೇಳುತ್ತಾಳೆ. ಒಳ್ಳೆಯ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರುವುದಿಲ್ಲ.

ಒಂದು ಸಂಗತಿ ಮಾತ್ರ ಅಟ್ಟ ಹತ್ತಲಿಲ್ಲ. ನಡುವೆ ನಾಲ್ಕು ವರ್ಷ ಕಾರವಾರದಲ್ಲಿದ್ದೆ. ಅಲ್ಲಿಯ ಬೋಟಿನವರ ಲೆಕ್ಕ ಇವತ್ತಿಗೂ ನನ್ನ ಹತ್ತಿರವೇ ಇದೆ. ಕಡಲಿನವರ ವರ್ಷ ಮೂರನೆಯದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ. ಬೈತಕೋಲ್ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತು ಮಳೆಯಲ್ಲಿ ನೆನೆಯುತ್ತವೆ, ಮಾಲೀಕರು ನನ್ನನ್ನು ನೆನೆಯುತ್ತಾರೆ. ಇಷ್ಟು ವರ್ಷ ನಮ್ಮ ಆದಾಯ ತೆರಿಗೆ ರಿಟರ್ನ್‌ನ ಕಡೆಯ ದಿನವೂ ಜುಲೈ 31. ಆಗಸ್ಟ್ 1ಕ್ಕೆ ಅವರು ಕಡಲಿಗೆ, ನಾನು ಹಾಸಿಗೆಗೆ. ಜಗತ್ತಿನಲ್ಲಿ ನನ್ನ ಪಂಚಾಂಗದ ಜೊತೆ ತಾಳೆಯಾದವರು ಎಂದರೆ ಇವರೊಬ್ಬರೇ. ಡೀಸೆಲ್ ಬಿಲ್ಲು, ಐಸ್ ಬಿಲ್ಲು, ಬಲೆ ರಿಪೇರಿಯ ಚೀಟಿ, ಎಲ್ಲದಕ್ಕೂ ಉಪ್ಪಿನ ವಾಸನೆ. ಒಬ್ಬರು ಪ್ರೀತಿಯಿಂದ ದೇವಿಮನೆ ಘಟ್ಟ ಹತ್ತಿಸಿ ಒಂದು ಚೀಲ ಬಂಗುಡೆ ಮೀನು ಕಳಿಸಿದ್ದರು. ಬಸ್ಸಿನ ಕಂಡಕ್ಟರ್ ತಂದು ನನ್ನ ಕೈಗಿಟ್ಟು, ನನ್ನ ಮುಖ ನೋಡಿ, "ನಾನೇ ಇಟ್ಕೊಳ್ಳಲಾ?" ಎಂದ. ಲೆಕ್ಕ ಚುಕ್ತಾ.

ಘಟ್ಟದ ಮೇಲಿನ ಜುಲೈ ಇಷ್ಟು ಸಲೀಸಲ್ಲ. ಮಳೆ ಹಿಡಿದರೆ ಹಿಡಿದೇ ಹಿಡಿಯಿತು. ಫೈಲುಗಳು ಬೂಸು ಹಿಡಿಯುತ್ತವೆ. ಕಾಗದ ಒಗೆದ ಬಟ್ಟೆಯ ಹಾಗೆ ಜೋಲುತ್ತದೆ, ಮೊಳೆ ಹೊಡೆದರೆ ಹರಿಯುತ್ತದೆ. ಕರೆಂಟು ಹೋದರೆ ಇನ್ವರ್ಟರ್, ಇನ್ವರ್ಟರ್ ಹೋದರೆ ಕಷಾಯ. ಇದೆಲ್ಲ ಹಳೆಯ ಕಷ್ಟ. ಹೊಸ ಕಷ್ಟ ಓಟಿಪಿ.

ರಿಟರ್ನ್ ಸಲ್ಲಿಸಿದ ಮೇಲೆ ಆಧಾರ್ ಓಟಿಪಿ ಹಾಕಿ ದೃಢೀಕರಿಸಬೇಕು. ಆರು ಅಂಕಿ, ಹದಿನೈದು ನಿಮಿಷ. ಗಿರಾಕಿಯ ಮನೆ ಕಣಿವೆಯಲ್ಲಿ, ಟವರ್ ಸಿಗುವುದು ಗುಡ್ಡದ ಮೇಲೆ. ನಾನು ಲ್ಯಾಂಡ್‌ಲೈನಿಗೆ ಫೋನು ಮಾಡಿ "ಈಗ ಕಳಿಸ್ತೇನೆ" ಎನ್ನುತ್ತೇನೆ. ಅಪ್ಪ ಫೋನು ಹಿಡಿದು ಜಗಲಿಯಲ್ಲಿ. ಮಗ ಮೊಬೈಲನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಕೊಂಡು, ಛತ್ರಿ ಹಿಡಿದು ಗುಡ್ಡದ ತುದಿಯಲ್ಲಿ. ಸೊಸೆ ನಡುವೆ ತೋಟದ ಏರಿಯ ಮೇಲೆ. ಮಗ ಕೂಗುತ್ತಾನೆ, ಸೊಸೆ ಕೂಗುತ್ತಾಳೆ, ಅಪ್ಪ ನನಗೆ ಕೂಗುತ್ತಾರೆ. ಅಪ್ಪನಿಗೆ ಕೂಗುವ ಅಗತ್ಯ ಇಲ್ಲ, ಆದರೆ ಓಘ ಬಂದುಬಿಟ್ಟಿರುತ್ತದೆ. "ಆರು! ಎರಡು! ಏಳು!" ಅಲ್ಲಿಗೆ ಮಳೆ ಜೋರಾಗುತ್ತದೆ. "ಏಳೋ, ಏಳೇಳೋ?" ಸರ್ಕಾರದ ಕಂಪ್ಯೂಟರಿಗೆ ಇದೆಲ್ಲ ಗೊತ್ತಿಲ್ಲ. ಅದಕ್ಕೆ ಕಾಣುವುದು ಪೆಟ್ಟಿಗೆಯಲ್ಲಿ ಬಿದ್ದ ಆರು ಅಂಕಿ. ಅದರ ಹಿಂದೆ ಮೂವರು ನೆನೆದಿದ್ದಾರೆ.

ಮತ್ತೆ ಈ ಮುಂದೂಡಿಕೆ. ಜುಲೈ ಬಂತೆಂದರೆ ಗಿರಾಕಿಗಳು ಆಕಾಶ ನೋಡುವ ಹಾಗೆ ದಿಲ್ಲಿ ನೋಡುತ್ತಾರೆ. "ಎಕ್ಸ್‌ಟೆನ್ಶನ್ ಬರುತ್ತಾ ಭಟ್ರೇ?" ಬರುವುದಿಲ್ಲ ಎಂದು ನಾನು ಹೇಳಿದ ವರ್ಷವೇ ಬರುತ್ತದೆ. 2024ರಲ್ಲಿ ಆಡಿಟ್ ಇರುವವರ ರಿಟರ್ನ್‌ನ ಕಡೆಯ ದಿನವಾದ ಅಕ್ಟೋಬರ್ 31ಕ್ಕೇ ದೀಪಾವಳಿ ಬಿತ್ತು. ಹಬ್ಬಕ್ಕೆ ಕೆಲವೇ ದಿನ ಇರುವಾಗ ಆಡಿಟ್ ಇರುವವರಿಗೆ ನವೆಂಬರ್ 15ರವರೆಗೆ ಸಮಯ ಕೊಟ್ಟರು. ಅಷ್ಟರಲ್ಲಿ ನಾನು ನಿದ್ದೆಗೆಟ್ಟು ಮುಕ್ಕಾಲು ಪಾಲು ಮುಗಿಸಿದ್ದೆ. 2025ರಲ್ಲಿ ಜುಲೈ 31 ಹೋಗಿ ಸಪ್ಟೆಂಬರ್ 15 ಆಯಿತು. ಆ 15ರ ನಡುರಾತ್ರಿ ಹತ್ತಿರ ಬಂದಾಗ ಇನ್ನೂ ಒಂದು ದಿನ ಕೊಟ್ಟರು. ಒಂದೇ ಒಂದು ದಿನ! ನೆಂಟರನ್ನು ಕಳಿಸಿ ಬಾಗಿಲು ಹಾಕುವಾಗ ಅವರು ಛತ್ರಿ ಮರೆತೆ ಎಂದು ವಾಪಸು ಬಂದ ಹಾಗೆ. ಬಾರದಿದ್ದವರು ಆ ಒಂದು ದಿನದಲ್ಲೂ ಬರಲಿಲ್ಲ. ಅವರು ಬರುವುದು ಡಿಸೆಂಬರಿಗೆ, ಐದು ಸಾವಿರ ದಂಡ ಎಂದಾಗ ನನ್ನನ್ನು ನೋಡುತ್ತಾರೆ, ನಾನೇ ಆ ಕಾನೂನು ಮಾಡಿದ್ದೇನೋ ಎಂಬಂತೆ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಮೇಲೆ ಋತುಗಳ ಗತ್ತೇ ಹೋಯಿತು ಎನ್ನಬೇಕು. ಮೊದಲು ವರ್ಷಕ್ಕೆ ಮೂರು ಭಾರೀ ಸುಗ್ಗಿ, ನಡುವೆ ಸ್ವಲ್ಪ ಉಸಿರು. ಈಗ ಪ್ರತಿ ತಿಂಗಳೂ 11ಕ್ಕೆ ಮತ್ತು 20ಕ್ಕೆ ರಿಟರ್ನ್. ತಿಂಗಳಿಗೆ ಎರಡು ಹುಣ್ಣಿಮೆ ಬಂದರೆ ಕಡಲಿಗೆ ಏನಾಗುತ್ತದೋ ನನಗೆ ಅದೇ ಆಗಿದೆ. ಇನ್ನು 2026ರ ಏಪ್ರಿಲ್ 1ರಿಂದ 1961ರ ಆದಾಯ ತೆರಿಗೆ ಕಾಯ್ದೆಯೇ ಹೋಗಿ ಹೊಸದು ಬಂದಿದೆ. ಒಂದು ಉಪಕಾರ ಆಯಿತು. ಗಳಿಸಿದ ವರ್ಷಕ್ಕೆ 'ಹಿಂದಿನ ವರ್ಷ', ಅದರ ಮುಂದಿನದಕ್ಕೆ 'ಅಸೆಸ್‌ಮೆಂಟ್ ವರ್ಷ' ಎನ್ನುವ ಗೊಂದಲ ತೆಗೆದು ಎರಡಕ್ಕೂ ಒಂದೇ 'ತೆರಿಗೆ ವರ್ಷ' ಮಾಡಿದ್ದಾರೆ. ಮೂವತ್ತೈದು ವರ್ಷ ನಾನು ಇದನ್ನು ಬಿಡಿಸಿ ಹೇಳಿದ್ದೇನೆ. ಕೇಳಿದವರೆಲ್ಲ ತಲೆಯಾಡಿಸಿ, ಬಾಗಿಲ ಹತ್ತಿರ ಹೋಗಿ ತಿರುಗಿ, "ಹಾಗಾದ್ರೆ ಈಗ ಯಾವ ವರ್ಷದ್ದು?" ಎಂದವರೇ.

ಈಗ ಕ್ಯಾಲೆಂಡರಿನವರ ವಿಷಯ ಹೇಳಬೇಕು. ನನ್ನ ಹಳೆಯ ಗಿರಾಕಿ ಅವರು. ಒಂದಿಷ್ಟು ಅಡಿಕೆ ತೋಟ, ಒಂದು ಹಿಟ್ಟಿನ ಗಿರಣಿ, ಸೊಸೈಟಿಯಲ್ಲಿ ಸ್ವಲ್ಪ ಠೇವಣಿ. ತೋಟದ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಗಿರಣಿಯದಕ್ಕೂ ಬಡ್ಡಿಗೂ ಲೆಕ್ಕ ಬೇಕು. ಅವರ ಲೆಕ್ಕವೆಲ್ಲ ಗೋಡೆ ಕ್ಯಾಲೆಂಡರಿನ ಚೌಕಗಳಲ್ಲಿ. ಪ್ರತಿ ಜುಲೈಗೆ ಎರಡು ಕ್ಯಾಲೆಂಡರ್ ಸುರುಳಿ ಸುತ್ತಿ ತರುತ್ತಾರೆ, ಒಂದರ ಏಪ್ರಿಲ್‌ನಿಂದ ಇನ್ನೊಂದರ ಮಾರ್ಚ್‌ವರೆಗೆ. ಜೊತೆಗೆ ಹಲಸಿನ ಹಪ್ಪಳದ ಒಂದು ಕಟ್ಟು. ಗಿರಣಿಯ ವಸೂಲಿ ನೀಲಿ ಶಾಯಿಯಲ್ಲಿ, ಮನೆಯದ್ದು ಕೆಂಪಿನಲ್ಲಿ. ನನಗೆ ನೀಲಿ ಸಾಕು. ಕೆಂಪನ್ನು ಓದುವುದು ಬೇರೆಯವರ ಅಡುಗೆಮನೆಗೆ ಇಣುಕಿದ ಹಾಗೆ ಎಂದು ಬಿಟ್ಟಿದ್ದೆ.

ಮೊನ್ನೆ ಅವರಿಗೆ ಹಳೆಯ ವರ್ಷದ ಬಗ್ಗೆ ಒಂದು ನೋಟಿಸು ಬಂತು. ದೊಡ್ಡದಲ್ಲ, ಬಡ್ಡಿಯ ಅಂಕಿ ಕೂಡುತ್ತಿರಲಿಲ್ಲ. ಹಳೆಯ ಕ್ಯಾಲೆಂಡರ್ ಇದೆಯಾ ಎಂದೆ. ಹತ್ತು ವರ್ಷದ್ದನ್ನು ಒಂದೇ ಸುರುಳಿಯಾಗಿ ಹೊತ್ತು ತಂದರು. ಬಿಡಿಸಿ ಹಾಕಿದೆ. ಹುಡುಕುವಾಗ ಕೆಂಪು ಕಣ್ಣಿಗೆ ಬಿದ್ದೇ ಬಿತ್ತು. ಅಡಿಕೆ ಕೊಯ್ಯುವ ಕೊನೆಗೌಡ 2 ಆಳು. ಎಮ್ಮೆ ಕರು ಹಾಕಿತು. ಅಕ್ಕನಿಗೆ 5,000. ಈ ಐದು ಸಾವಿರ ಯಾವ ಖಾತೆಗೆ ಹಾಕಲಿ ಎಂದು ಕೇಳಿದೆ. "ಅದು ನೆನಪಿಗೆ ಬರೆದದ್ದು ಭಟ್ರೇ, ಲೆಕ್ಕಕ್ಕಲ್ಲ" ಎಂದರು.

ಮುಂದಿನ ಪುಟ ಜುಲೈ. ಒಂದು ಚೌಕದಲ್ಲಿ ಕೆಂಪಿನಲ್ಲಿ, 'ಲೆಕ್ಕದ ಭಟ್ರಿಗೆ ಹಪ್ಪಳ 100.' ಅದರ ಮುಂದಿನ ವರ್ಷದ ಜುಲೈ ತೆಗೆದೆ. 'ಭಟ್ರಿಗೆ ಹಪ್ಪಳ 100.' ಅದರ ಮುಂದಿನದು, 100. ನಮ್ಮ ಅಟ್ಟದ ಅನಾಮತ್ತು ಅಲ್ಲಿ ಗೋಡೆಯ ಮೇಲೆ ವರ್ಷ ವರ್ಷವೂ ಖರ್ಚು ಬಿದ್ದಿತ್ತು. 2019ರ ಜುಲೈನಲ್ಲಿ ಮಾತ್ರ 50.

"ಇದೇನು, ಅರ್ಧ?" ಎಂದೆ.

ಅವರು ಕನ್ನಡಕ ಸರಿ ಮಾಡಿಕೊಂಡು ಹತ್ತಿರ ಬಗ್ಗಿ ನೋಡಿದರು. "ಆ ವರ್ಷ ಪೇಟೆಯ ಸೈಟು ಮಾರಿದ್ದೆ ಅಲ್ವಾ? ನೀವು ಅದಕ್ಕೆ ಟ್ಯಾಕ್ಸ್ ಕಟ್ಟಿಸಿದ್ರಿ."

"ಇದೂ ನೆನಪಿಗೇ ಬರೆದದ್ದಾ?"

"ಇದು ಲೆಕ್ಕಕ್ಕೆ" ಎಂದರು, ನಗದೆ.

ಬಡ್ಡಿಯ ಅಂಕಿ ಆ ಸಂಜೆಯೇ ಸಿಕ್ಕಿತು. ತಪ್ಪು ಅವರದ್ದಲ್ಲ. ಲೆಕ್ಕ ಹಾಕಿ ನೋಡಿದರೆ ತಿರುಗಿ ಅವರಿಗೇ 4,300 ರೂಪಾಯಿ ಬರಬೇಕು. ಉತ್ತರ ಬರೆದು ಕಳಿಸಿದ್ದೇನೆ. ಮನೆಗೆ ಹೋದವನೇ ಅಟ್ಟದ ದೊಡ್ಡ ಡಬ್ಬ ತೊಳೆದು ಒಣಗಿಸಿಡು ಎಂದು ನಮ್ಮನೆಯವಳಿಗೆ ಹೇಳಿದೆ.